‘ಸ್ವಪ್ನಕಾಲ’ವೆಂಬ ಶಬ್ದವೂ ಆಸ್ಟ್ರೇಲಿಯದ ಮೂಲನಿವಾಸಿಗಳ ಧರ್ಮವೂ

ಪಾಶ್ಚಾತ್ಯರ ಭೋಗಪರವಾದ ಜೀವನಕ್ರಮಕ್ಕೆ ಪ್ರತಿಯಾಗಿ ಆಸ್ಟ್ರೇಲಿಯ ಖಂಡದ ಮೂಲನಿವಾಸಿಗಳ ಅಧ್ಯಾತ್ಮವನ್ನು ಆಶ್ರಯಿಸಬೇಕೆಂಬ ಮತವೊಂದು ಕೆಲವು ದಶಕಗಳಿಂದ ಯೂರೋಪು ಅಮೆರಿಕಗಳ ಗ್ರಂಥಗಳಲ್ಲಿ ಪ್ರಚಾರದಲ್ಲಿದೆ. ಪಶ್ಚಿಮವು ಜಡವಸ್ತುವನ್ನೇ ಪರಮಾರ್ಥವೆಂದು ಭಾವಿಸಿ ಕೆಟ್ಟಿತು. ಈ ಜನರಾದರೋ ವಸ್ತುವನ್ನು ಬಯಸದೆ ಆತ್ಮದಲ್ಲಿಯೇ ನೆಲೆನಿಂತರು. ಆದುದರಿಂದ ನಾಗರಿಕರು ಇವರಿಂದ ಉಪದೇಶವನ್ನು ಪಡೆಯತಕ್ಕದ್ದು ಎಂಬುದು ಅದರ ಸಾರ. ಭೂಮಿಯನ್ನು ಕೇವಲ ಸರಕೆಂದು ಕಾಣುವ ಬುದ್ಧಿಯನ್ನು ಈ ಲೇಖಕರು ಖಂಡಿಸಿರುವುದು ಯುಕ್ತವಾಗಿಯೇ ಇದೆ. ಅಷ್ಟು ಭಾಗವನ್ನು ನಾವು ಒಪ್ಪುವೆವು. ಆದರೆ ಅವರು ಮಾಡುವ ಸ್ತುತಿಯಲ್ಲಿ ಸ್ತುತ್ಯರ ಧರ್ಮವೇ ಮರೆಯಾಗಿರುವುದೆಂದು ನಮಗೆ ತೋರುವುದರಿಂದ ಇಲ್ಲಿ ವಿಚಾರಮಾಡಬೇಕಾಗಿದೆ.

ಮೊದಲು ಶಬ್ದವಿಚಾರ. ಮಧ್ಯ ಆಸ್ಟ್ರೇಲಿಯದ ಅರಂಡ ಜನರಲ್ಲಿ ‘ಆಲ್ಚೆರಿಂಗ’ವೆಂದು ಕೇಳಿಬಂದ ಪದವನ್ನು ಬಾಲ್ಡ್ವಿನ್ ಸ್ಪೆನ್ಸರನು ೧೮೯೬ರಲ್ಲಿ ‘ಕನಸಿನ ಕಾಲ’ವೆಂಬರ್ಥದ ಇಂಗ್ಲಿಷ್ ಮಾತಿನಿಂದ ತಿಳಿಯಪಡಿಸಿದನು. ೧೮೯೯ರಲ್ಲಿ ಗಿಲ್ಲೆನನೂ ಅವನೂ ಸೇರಿ ಪ್ರಕಟಿಸಿದ ಗ್ರಂಥದಿಂದ ಆ ಕಲ್ಪನೆಯು ಲೋಕಪ್ರಸಿದ್ಧವಾಯಿತು. ೧೮೯೪ರಿಂದ ಹರ್ಮನ್ಸ್‌ಬರ್ಗಿನಲ್ಲಿ ನೆಲಸಿ ಅರಂಡ ಭಾಷೆಯನ್ನು ಆಳವಾಗಿ ಕಲಿತ ಜರ್ಮನ್ ಪಾದ್ರಿ ಕಾರ್ಲ್ ಸ್ಟ್ರೆಲೋ ಈ ಅರ್ಥವನ್ನು ಒಪ್ಪಲಿಲ್ಲ. ಆ ಭಾಷೆಯನ್ನು ಎಳವೆಯಿಂದಲೇ ಆಡಿ ಬೆಳೆದ ಅವನ ಮಗ ಟಿ. ಜಿ. ಎಚ್. ಸ್ಟ್ರೆಲೋ, ಮೂಲಶಬ್ದಕ್ಕೆ ಅನಾದಿ, ಸ್ವಯಂಭೂ ಎಂಬುದೇ ಮುಖ್ಯಾರ್ಥವೆಂದು ವಾದಿಸಿದನು. ಅವನ ಮತದಲ್ಲಿ ಕನಸು ಕಾಣುವುದೆಂಬ ಮಾತು ಅದರಿಂದ ಹುಟ್ಟಿದುದೇ ಹೊರತು ಅದರ ಬೇರಲ್ಲ. ‘ಕಾಲ’ವೆಂಬ ಉತ್ತರಪದದ ಗತಿಯೂ ಇಷ್ಟೆ. ೧೯೫೩ರಲ್ಲಿ ಈ ವಿಷಯವಾಗಿ ಪ್ರಬಂಧ ಬರೆದ ಸ್ಟ್ಯಾನ್ನರನು, ಇದು ಕಳೆದುಹೋದ ಯುಗವಲ್ಲ, ಭೂತ ವರ್ತಮಾನ ಭವಿಷ್ಯತ್ತುಗಳೆಲ್ಲಕ್ಕೂ ಒಟ್ಟಿಗೆ ಸಲ್ಲುವ ಸ್ಥಿತಿಯೆಂದು ತೋರಿಸಲು ಇಂಗ್ಲಿಷಿನಲ್ಲಿ ಹೊಸ ಪದವೊಂದನ್ನೇ ಕಟ್ಟಬೇಕಾಯಿತು.

ಕನ್ನಡದವರಿಗೆ ಈ ದೋಷವು ಇಮ್ಮಡಿಯಾಗಿ ತಟ್ಟುವುದು. ನಮ್ಮ ಪಾಠಶಾಲೆಗಳಲ್ಲಿ ಓದಿದವರಿಗೆ ಸ್ವಪ್ನವೆಂದೊಡನೆ ಮಾಂಡೂಕ್ಯಕಾರಿಕೆಗಳ ವೈತಥ್ಯಪ್ರಕರಣವು ಸ್ಮರಣೆಗೆ ಬರುವುದಷ್ಟೆ. ಅಲ್ಲಿ ಸ್ವಪ್ನವು ಮಿಥ್ಯಾತ್ವಕ್ಕೆ ದೃಷ್ಟಾಂತವಾಗಿದೆ: ಕನಸಿನ ಪದಾರ್ಥಗಳು ಹೇಗೆ ಸುಳ್ಳೋ ಎಚ್ಚರದ ಪದಾರ್ಥಗಳೂ ಹಾಗೆಯೇ ಎಂಬುದಕ್ಕಾಗಿ ಅದನ್ನು ತಂದಿದೆ. ಮೂಲನಿವಾಸಿಗಳ ಶಬ್ದವಾದರೋ ಬೆಟ್ಟ, ನೀರು, ಮೃಗ, ಮನುಷ್ಯ, ಇವೆಲ್ಲವೂ ಯಾವುದರ ಬಲದಿಂದ ಸತ್ಯವಾಗಿವೆಯೋ ಅದನ್ನು ಹೇಳುವುದು. ಅದನ್ನು ‘ಸ್ವಪ್ನಕಾಲ’ವೆಂದು ಅನುವಾದಿಸಿದರೆ ತಾತ್ಪರ್ಯವು ತಲೆಕೆಳಗಾಗುವುದು, ಮಾಯಾವಾದದ ಒಂದು ವನ್ಯರೂಪವೇ ಅಲ್ಲಿರುವುದೆಂದು ನಮ್ಮವರು ಸಂತೋಷಪಡಲೂ ಎಡೆಯಾಗುವುದು. ಉಲುರು ಪ್ರಾಂತದ ಅನಂಗು ಜನರು ತಮ್ಮ ‘ಜುಕುರ್ಪ’ ಶಬ್ದಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೊಡುವ ಅರ್ಥವು ಕಾನೂನೆಂಬುದು. ಋತವೆನ್ನೋಣವೆಂದರೆ ಅದರೊಡನೆ ವರುಣನೂ ಯಜ್ಞವೂ ಬರುವುವು. ‘ಕಟ್ಟಳೆ’ ಎಂಬ ನಮ್ಮ ಹಳೆಯ ಮಾತು ಹೆಚ್ಚು ಹತ್ತಿರದ್ದೆಂದು ನಮ್ಮ ಅಭಿಪ್ರಾಯ.

ಯಾರು ಯಾರನ್ನು ಮದುವೆಯಾಗಬಹುದು, ಯಾವ ಬಯಲಿನ ಹುಲ್ಲನ್ನು ಯಾವಾಗ ಸುಡಬೇಕು, ಯಾವ ಕಥೆಯನ್ನು ಯಾರು ಯಾರಿಗೆ ಹೇಳಬಹುದು ಎಂಬಿವೆಲ್ಲವೂ ಈ ಕಟ್ಟಳೆಯೊಳಗೇ ಸೇರಿವೆ. ಉಲುರುವಿಗೆ ಬರುವವರೆಲ್ಲರಿಗೂ ಅನಂಗು ಜನರು ಹೇಳುವ ಕಥೆಯೊಂದುಂಟು. ಕುನಿಯ ಎಂಬ ಹೆಬ್ಬಾವಿನ ಹೆಣ್ಣು ತನ್ನ ಸೋದರಳಿಯನ ವಧೆಗೆ ಪ್ರತೀಕಾರವಾಗಿ ಲಿರು ಎಂಬ ವಿಷಸರ್ಪದ ವೀರನನ್ನು ಹೊಡೆದಳು. ಆ ಪೆಟ್ಟಿನ ಗುರುತುಗಳು ಬಂಡೆಯ ಮೇಲೆ ಇಂದಿಗೂ ಇವೆ. ಆ ಸೀಳು ಬೇರಾವುದೋ ತತ್ತ್ವಕ್ಕೆ ಸಂಕೇತವೆಂದು ಅವರು ಹೇಳುವುದಿಲ್ಲ. ಪೆಟ್ಟೇ ಅಲ್ಲಿದೆ ಎನ್ನುವರು. ಇಲ್ಲಿ ಜಡವೆಂದು ಬಿಡತಕ್ಕ ವಸ್ತು ಯಾವುದು, ಆತ್ಮವೆಂದು ಹಿಡಿಯತಕ್ಕದ್ದು ಯಾವುದು? ಆ ವಿಭಾಗವನ್ನು ಸ್ತುತಿಕಾರರು ತಮ್ಮ ಮನೆಯಿಂದಲೇ ಹೊತ್ತು ತಂದಿರುವರು. (ನಮ್ಮ ದೇಶಕ್ಕೂ ಇಂಥ ಸ್ತುತಿ ಬೇಕಾದಷ್ಟು ಸಂದಿದೆ. ಉಪನಿಷತ್ತುಗಳನ್ನು ಹೊಗಳಿದವರಲ್ಲಿ ಎಷ್ಟು ಮಂದಿ ವ್ಯವಹಾರಕಾಂಡವನ್ನೂ ಕೌಟಿಲ್ಯನನ್ನೂ ತೆರೆದು ನೋಡಿದರು?)

ಇದು ಬರಿಯ ಶಬ್ದಕಲಹವಲ್ಲವೆಂಬುದಕ್ಕೆ ೧೯೭೧ರ ಒಂದು ತೀರ್ಪೇ ಸಾಕ್ಷಿ. ಉತ್ತರ ಪ್ರಾಂತದ ಗೋವ್ ದ್ವೀಪಕಲ್ಪದಲ್ಲಿ ಬಾಕ್ಸೈಟ್ ಅದಿರು ತೆಗೆಯಲು ಸರ್ಕಾರವು ನಬಾಲ್ಕೊ ಎಂಬ ಕಂಪೆನಿಗೆ ಭೂಮಿಯನ್ನು ಗೇಣಿಗೆ ಕೊಟ್ಟಿತು. ಅಲ್ಲಿನ ಯಿರ್ಕಲದ ಯೊಲ್ಙು ಜನರು ೧೯೬೩ರಲ್ಲಿಯೇ, ತಮ್ಮ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಚಿತ್ರಿತವಾದ ಮರದ ತೊಗಟೆಗೆ ಅಂಟಿಸಿದ ಅರ್ಜಿಗಳನ್ನು ಪಾರ್ಲಿಮೆಂಟಿಗೆ ಕಳುಹಿಸಿದ್ದರು. ಫಲವಾಗದಿರಲು ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶನಾದ ಬ್ಲ್ಯಾಕ್‌ಬರ್ನನು ಈ ಜನರನ್ನು ಕಾಡುಜನರೆಂದು ತಳ್ಳಲಿಲ್ಲ; ಅವರಲ್ಲಿ ಸೂಕ್ಷ್ಮವಾದ, ಸುವ್ಯವಸ್ಥಿತವಾದ ಕಾನೂನಿದೆಯೆಂದು ಸ್ಪಷ್ಟವಾಗಿ ಒಪ್ಪಿದನು. ಭೂಮಿಯೊಡನೆ ಅವರಿಗಿರುವ ಸಂಬಂಧವು ಧಾರ್ಮಿಕವಾದುದೆಂದೂ, ಭೂಮಿಯು ಕುಲಕ್ಕೆ ಸೇರಿದುದೆನ್ನುವುದಕ್ಕಿಂತ ಕುಲವೇ ಭೂಮಿಗೆ ಸೇರಿದುದೆನ್ನುವುದು ಸರಿಯಾದೀತೆಂದೂ ಹೇಳಿದನು. ಸ್ತುತಿಕಾರರಲ್ಲಿ ಯಾರೂ ಇದಕ್ಕಿಂತ ಉತ್ತಮವಾಗಿ ಹೇಳಿಲ್ಲ. ಆದರೆ ಅದರಿಂದ ಅವನು ತೆಗೆದ ನಿರ್ಣಯವೇನು? ಉಪಭೋಗ, ಅನ್ಯರ ನಿವಾರಣೆ, ಪರಭಾರೆ ಎಂಬಿವು ಸ್ವತ್ತಿನ ಲಕ್ಷಣಗಳು. ಈ ಸಂಬಂಧವು ಆ ಲಕ್ಷಣಗಳಿಗೆ ಒಳಪಡುವುದಿಲ್ಲ. ಆದುದರಿಂದ ಇದು ಸ್ವತ್ತಲ್ಲ. ಜನರು ಸೋತರು, ಗಣಿ ನಡೆಯಿತು.

ತೀರ್ಪಿನ ಯುಕ್ತಿಯನ್ನೂ ಸ್ತುತಿಕಾರರ ಯುಕ್ತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಧ್ಯಾತ್ಮವು ಇವರದು, ವಸ್ತುವು ಇವರದಲ್ಲ ಎಂಬಷ್ಟರಲ್ಲಿ ಎರಡೂ ಒಂದೇ. ೧೯೭೬ರ ಉತ್ತರ ಪ್ರಾಂತದ ಭೂಸ್ವತ್ತಿನ ಕಾಯಿದೆಯು ಈ ಗಂಟನ್ನು ಒಂದು ಲಕ್ಷಣವಾಕ್ಯದಿಂದ ಬಿಡಿಸಿತು. ಯಾವ ಕುಲಕ್ಕೆ ಒಂದು ಸ್ಥಳದೊಡನೆ ಆಧ್ಯಾತ್ಮಿಕ ಸಂಬಂಧವೂ ಅದನ್ನು ಕಾಯುವ ಹೊಣೆಯೂ ಇದೆಯೋ, ಯಾವುದಕ್ಕೆ ಆ ನೆಲದಲ್ಲಿ ಆಹಾರವನ್ನು ಅರಸುವ ಹಕ್ಕು ಸಂಪ್ರದಾಯಸಿದ್ಧವಾಗಿದೆಯೋ ಅದೇ ಸಾಂಪ್ರದಾಯಿಕ ಒಡೆತನದ ಕುಲ. ಗೆಡ್ಡೆಗೆಣಸನ್ನು ಅಗೆಯುವ ಅಧಿಕಾರವನ್ನೂ ಪುಣ್ಯಸ್ಥಳದ ರಕ್ಷಣೆಯನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದ ಈ ಶಾಸನಕಾರರು ಅನೇಕ ತತ್ತ್ವಜ್ಞರಿಗಿಂತ ಮೂಲಕ್ಕೆ ಹತ್ತಿರವಾಗಿರುವರು. ೧೯೯೨ರಲ್ಲಿ ಮಾಬೊ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯವು ಮೂಲನಿವಾಸಿಗಳ ಭೂಮಿಯ ಹಕ್ಕನ್ನು ದೇಶದ ಕಾನೂನಿನಲ್ಲಿಯೇ ಅಂಗೀಕರಿಸಿತು.

ಇನ್ನು ಗ್ರಂಥಗಳ ಮಾತು. ಅಮೆರಿಕದ ಮಾರ್ಲೊ ಮಾರ್ಗನ್ ಎಂಬಾಕೆ ೧೯೯೧ರಲ್ಲಿ ಹೊರಡಿಸಿದ ಪುಸ್ತಕವು, ತಾನು ಈ ಜನರೊಡನೆ ಮರುಭೂಮಿಯಲ್ಲಿ ನಡೆದು ಉಪದೇಶ ಪಡೆದುದಾಗಿ ಹೇಳಿ ಬಹುಸಂಖ್ಯೆಯ ಓದುಗರನ್ನು ಗಳಿಸಿತು. ಕುಲವೃದ್ಧರು ಅಮೆರಿಕದವರೆಗೂ ಹೋಗಿ ಆಕ್ಷೇಪಿಸಿದ ಮೇಲೆ ೧೯೯೬ರಲ್ಲಿ ಅದು ಕಲ್ಪಿತವೆಂದು ಆಕೆ ಒಪ್ಪಿಕೊಳ್ಳಬೇಕಾಯಿತು. ಇದಕ್ಕಿಂತ ವಿಷಾದಕರವಾದುದು ಡೇವಿಡ್ ಉನೈಪನನ ವಿಚಾರ. ೧೮೭೨ರಲ್ಲಿ ಹುಟ್ಟಿದ ಈ ಮೂಲನಿವಾಸಿಯು ಕ್ರೈಸ್ತ ಉಪದೇಶಕನೂ ಹೌದು, ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಸುಧಾರಣೆಯನ್ನು ಕಂಡುಹಿಡಿದವನೂ ಹೌದು. ವಸ್ತುವನ್ನು ಬಯಸದ ವನವಾಸಿಯೆಂಬ ಚಿತ್ರಕ್ಕೆ ಇವನು ಎಳ್ಳಷ್ಟೂ ಹೊಂದುವುದಿಲ್ಲ. ಇವನು ಸಂಗ್ರಹಿಸಿ ಬರೆದ ಕಥೆಗಳನ್ನು ರಾಮ್ಸೆ ಸ್ಮಿತ್ ಎಂಬಾತನು ೧೯೩೦ರಲ್ಲಿ ತನ್ನದೇ ಹೆಸರಿನಿಂದ ಪ್ರಕಟಿಸಿದನು. ಕರ್ತೃವಿನ ಹೆಸರು ಗ್ರಂಥಕ್ಕೆ ಮರಳಿ ಬಂದುದು ೨೦೦೧ರ ಸಂಸ್ಕರಣದಲ್ಲಿ. ಈ ವಿಷಯವನ್ನು ಕನ್ನಡಕ್ಕೆ ತರಲು ಬಯಸುವವರು ಆ ಸಂಸ್ಕರಣದಿಂದ ಮೊದಲುಮಾಡುವುದು ಲೇಸು. ಆದರೆ ಯಾವ ಕಥೆಯನ್ನು ಯಾರಿಗೆ ಹೇಳಬಹುದೆಂಬ ಕಟ್ಟಳೆ ಇನ್ನೂ ಜೀವಂತವಾಗಿರುವುದರಿಂದ, ಅನುವಾದಕ್ಕೆ ಮುಂಚೆ ಆ ಕುಲದವರ ಒಪ್ಪಿಗೆಯನ್ನು ಕೇಳಿ ಪಡೆಯತಕ್ಕದ್ದು.