ಟೇಲರ್ ಬರೆದ ಸುರಪುರ

ಒಂದು ಕಾಲಕ್ಕೆ ಸುರಪುರ ಸಂಸ್ಥಾನದ ಆಡಳಿತ ನಡೆಸಿದ ಮೆಡೋಸ್ ಟೇಲರ್ ಅಲ್ಲಿ ಇನ್ನೂ ಒಳ್ಳೆಯ ಹೆಸರು ಉಳಿಸಿಕೊಂಡಿದ್ದಾನೆ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಇವತ್ತಿಗೂ ಟೇಲರ್ ಮಂಜಿಲ್ ಎಂದೇ ಹೆಸರು. ಅವನ ಕಾಲದ ಜನ ಅವನನ್ನು ‘ಮಹಾದೇವ ಬಾಬಾ’ ಎಂದು ಕರೆಯುತ್ತಿದ್ದರು. ಈ ಅಭಿಮಾನದಿಂದಲೇ ಇರಬೇಕು, ಅವನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಹೇಳಿದ್ದನ್ನೆಲ್ಲ ನಾವು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಸಂಪಾದಿಸಿ ಹೊರತಂದ ಪುಸ್ತಕವಿದು.

ಪುಸ್ತಕದ ಗುಣ ದೊಡ್ಡದು. ಲಿವರ್‌ಪೂಲ್‌ನಲ್ಲಿ 1808ರಲ್ಲಿ ಹುಟ್ಟಿದ ಟೇಲರ್ ಹದಿನೈದರ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಬಂದ. ಅಲ್ಲಿ ಭವಿಷ್ಯ ಕಾಣದೆ ನಿಜಾಮನ ಸೈನ್ಯ ಸೇರಿದ. ಈಸ್ಟ್ ಇಂಡಿಯಾ ಕಂಪನಿಯ ಕಾಯಂ ನೌಕರನಲ್ಲದ್ದರಿಂದ ಬಡ್ತಿಗೂ ಗೌರವಕ್ಕೂ ಜೀವನವಿಡೀ ಹೆಣಗಬೇಕಾಯಿತು. ಅದರ ಬದಲು ಅವನಿಗೆ ಸಿಕ್ಕದ್ದು ದಖನ್ನಿನ ಜನರ ಒಡನಾಟ. 1839ರಲ್ಲಿ ಅವನಿಗೆ ಹೆಸರು ತಂದುಕೊಟ್ಟ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಆ ಒಡನಾಟದ ಫಲ. ಜೇವರ್ಗಿಯ ಬಳಿ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿದಾಗ ಅವನು ನಿಧಿ ಹುಡುಕಲಿಲ್ಲ. ಗುಂಡಿಯ ಅಡ್ಡಕೊಯ್ತದ ಚಿತ್ರ ಬರೆದು, ಯಾವ ಪದರದಲ್ಲಿ ಮೂಳೆ, ಯಾವ ಪದರದಲ್ಲಿ ಮಡಕೆ ಎಂದು ಗುರುತಿಸಿದ. ಆ ಕಾಲಕ್ಕೆ ಅದು ಅಪರೂಪದ ಶಿಸ್ತು.

ಆದರೆ ಮಣ್ಣಿನ ಪದರಗಳನ್ನು ಇಷ್ಟು ಎಚ್ಚರದಿಂದ ಬಿಡಿಸಿದವನು ತಾನೇ ಭಾಗಿಯಾದ ರಾಜಕೀಯವನ್ನು ಹಾಗೆ ಬಿಡಿಸಲಿಲ್ಲ. ಸುರಪುರದ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಸಂಸ್ಥಾನದ ಉಸ್ತುವಾರಿ ಟೇಲರನ ಕೈಗೆ ಬಂತು. 1853ರವರೆಗೆ ಅವನೇ ಆಡಳಿತ ನಡೆಸಿದ, ಹುಡುಗ ಅವನನ್ನು ‘ಅಪ್ಪ’ ಎಂದು ಕರೆದ. ಈ ಪುಟಗಳಲ್ಲಿ ಕೃಷ್ಣಪ್ಪನ ರಾಣಿ ಈಶ್ವರಮ್ಮ ಬರುವ ರೀತಿ ನೋಡಿ: ಅವಳ ಶೀಲದ ಮೇಲಿನ ದೂರುಗಳಿಗೆ ಸಿಕ್ಕಷ್ಟು ಜಾಗ, ಗಂಡನ ರಾಜ್ಯ ಪರದೇಶಿಯ ಕೈಗೆ ಹೋದ ಅವಳ ಸಂಕಟಕ್ಕೆ ಸಿಕ್ಕಿಲ್ಲ. ಇದು ನ್ಯಾಯವಾದ ಬರವಣಿಗೆ ಅಲ್ಲ.

1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬೇಡರನ್ನು ಕಟ್ಟಿಕೊಂಡು ಇಂಗ್ಲಿಷರ ಮೇಲೆ ಬಿದ್ದ. ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಯಲ್ಲಿ ಅವನನ್ನು ಕಂಡ. ಅವನಿಗೆ ವಿಧಿಸಿದ್ದ ಮರಣದಂಡನೆ ಕೊನೆಗೆ ಕೆಲವೇ ವರ್ಷಗಳ ಬಂಧನಕ್ಕೆ ಇಳಿಯಿತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅವನು ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡ ಎಂಬುದು ಟೇಲರನ ನಿರೂಪಣೆ. ಅದರ ಜೊತೆಗೆ ಅವನು ಒಂದು ಜಾತಕ ತರುತ್ತಾನೆ: ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜನಿಗೆ ಮರಣ ಎಂದು ಹುಟ್ಟಿದಾಗಲೇ ಜೋಯಿಸರು ಹೇಳಿದ್ದರಂತೆ, ಆ ಗುಟ್ಟನ್ನು ಟೇಲರ್ ಕಾಯ್ದಿದ್ದನಂತೆ. ಶಿಕ್ಷೆ ಇಳಿದ ಸಮಾಧಾನದ ಬೆನ್ನಿಗೇ ಸಾವಿನ ಸುದ್ದಿ ಬರುತ್ತದೆ.

ಪುಸ್ತಕದಲ್ಲೇ ಅತ್ಯಂತ ಚೆನ್ನಾಗಿ ಕಟ್ಟಿದ ಭಾಗ ಇದು, ಓದುವಾಗ ಕಣ್ಣು ತುಂಬುತ್ತದೆ. ನನ್ನ ಆಕ್ಷೇಪವೂ ಇಲ್ಲಿಯೇ. ಜಾತಕ ಬಂದ ಕೂಡಲೇ ಇತಿಹಾಸ ಹಿಂದೆ ಸರಿಯುತ್ತದೆ. ಯೌವನಕ್ಕೆ ಕಾಲಿಟ್ಟ ಅರಸನೊಬ್ಬ ದಂಗೆಗೆ ಇಳಿದದ್ದು ಏಕೆ, ಹತ್ತು ವರ್ಷಕ್ಕೂ ಮೀರಿ ರಾಜ್ಯ ಇನ್ನೊಬ್ಬರ ಕೈಯಲ್ಲಿದ್ದದ್ದು ಬೇಡರ ಮನಸ್ಸಿನಲ್ಲಿ ಏನು ಬಿತ್ತಿತ್ತು ಎಂಬುದೆಲ್ಲ ಕೆಟ್ಟ ಸಲಹೆಗಾರರ ಮೇಲೆ, ವಿಧಿಯ ಮೇಲೆ ಬೀಳುತ್ತದೆ. ಟೇಲರನ ಮಮತೆ ಸುಳ್ಳಲ್ಲ, ಅದನ್ನು ನಾನು ನಂಬುತ್ತೇನೆ. ಆದರೆ ಆ ಮಮತೆಯೇ ಆಡಳಿತಗಾರನಾಗಿ ಅವನು ಕೊಡಬೇಕಾಗಿದ್ದ ಲೆಕ್ಕವನ್ನು ಮುಚ್ಚಿಬಿಟ್ಟಿದೆ.

ವೆಂಕಟಪ್ಪ ನಾಯಕ ಸತ್ತು ಎರಡು ವರ್ಷಕ್ಕೆ, 1860ರಲ್ಲಿ, ದಂಗೆಯ ಕಾಲದಲ್ಲಿ ನಿಜಾಮ ತೋರಿದ ನಿಷ್ಠೆಗೆ ಪ್ರತಿಫಲವಾಗಿ ಇಂಗ್ಲಿಷರು ಸುರಪುರವನ್ನು ಅವನಿಗೆ ಒಪ್ಪಿಸಿದರು. ಅದೇ ವರ್ಷ ಟೇಲರ್ ಇಂಗ್ಲೆಂಡಿಗೆ ಮರಳಿದ.