ಸ್ವಾಮಿಯ ಭಯವನ್ನು ಯಾರು ಕೇಳಿದರು?

ಮೈಸೂರಿನ ಯಾದವಗಿರಿಯಲ್ಲಿರುವ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ನಮ್ಮಲ್ಲಿ ಅನೇಕರಿಗೆ ಅವರ ಸ್ವಾಮಿ ಎಂದರೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ತುಂಟ ಹುಡುಗ. ಆದರೆ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಈಗ ಓದಿದರೆ ತುಂಟತನಕ್ಕಿಂತ ಮೊದಲು ತಟ್ಟುವುದು ಭಯ: ಸೋಮವಾರ ಬೆಳಗಿನದು, ಅಪ್ಪನದು, ಹೆಡ್‌ಮಾಸ್ಟರ ಬೆತ್ತದ್ದು.

ಈ ಭಯದ ಬೇರು ಲೇಖಕರ ಬಾಲ್ಯದಲ್ಲೇ ಇದೆ. ಹೆತ್ತವರಿಂದ ದೂರ, ಮದರಾಸಿನ ಪುರಸವಾಕ್ಕಂನಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದವರು ನಾರಾಯಣ್. ಮಿಷನ್ ಶಾಲೆಯಲ್ಲಿ ಹಿಂದೂ ದೇವರುಗಳನ್ನು ಹೀಯಾಳಿಸುತ್ತಿದ್ದುದನ್ನು 1974ರ ಆತ್ಮಕಥೆ ‘ಮೈ ಡೇಸ್’ನಲ್ಲಿ ನೆನೆದಿದ್ದಾರೆ. ಕಾದಂಬರಿಯಲ್ಲಿ ಅದು ಸ್ವಾಮಿಯ ಕಿವಿ ಹಿಂಡುವ ಎಬೆನೇಜರ್ ಮೇಷ್ಟರ ತರಗತಿಯಾಯಿತು.

ಇಂಥ ಭಯ ಬಾಲ್ಯಕ್ಕೇ ಮುಗಿಯುವುದಿಲ್ಲ. ಬಾಲ್ಯದ ಆಘಾತಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಕಾಯಿಲೆಗಳ ಅಪಾಯ ಹೆಚ್ಚುತ್ತದೆಂದು ಅಮೆರಿಕದ ವೈದ್ಯ ಸಂಶೋಧಕರಾದ ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ತೋರಿಸಿದರು. ಆದರೆ ಅಪಾಯವೇ ಹಣೆಬರಹವಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್, ಕಷ್ಟದಲ್ಲಿ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಸಮರ್ಥ, ಅಂತಃಕರಣವುಳ್ಳ ವಯಸ್ಕರಾದುದನ್ನು ಕಂಡರು. ಅವರಿಗೆ ನೆರವಾದ ಸಂಗತಿಗಳಲ್ಲಿ ಮುಖ್ಯವಾದದ್ದು ನೆಚ್ಚಿಕೊಳ್ಳಬಹುದಾದ ಒಬ್ಬ ಹಿರಿಯರ ಆಸರೆ. ಅನೇಕರಿಗೆ ಅದು ಅಜ್ಜ ಅಜ್ಜಿಯರಿಂದಲೇ ಸಿಕ್ಕಿತ್ತು. ನಾರಾಯಣ್ ಈ ಕಾದಂಬರಿಯ ಮೊದಲ ಸಾಲು ಬರೆದ ದಿನದ ಮುಹೂರ್ತ ಇಟ್ಟವರೂ ಅಜ್ಜಿಯೇ.

ಕಾದಂಬರಿಯ ದೊಡ್ಡ ಗುಣವೆಂದರೆ ಭಯವನ್ನು ಮಗುವಿನ ಎತ್ತರದಿಂದಲೇ ನೋಡುವುದು. ಬೋರ್ಡ್ ಹೈಸ್ಕೂಲಿನ ಹೆಡ್‌ಮಾಸ್ಟರ ಬೆತ್ತ ಕಿತ್ತು ಕಿಟಕಿಯಾಚೆ ಎಸೆದ ಸ್ವಾಮಿ ಊರನ್ನೇ ಬಿಟ್ಟು ಓಡುತ್ತಾನೆ. ಸರಯೂ ನದಿಯ ದಡದಲ್ಲಿ, ರೈಲು ಹಳಿಗಳ ಬಳಿ ಮಗನನ್ನು ಹುಡುಕುವ ಅಪ್ಪನ ತಳಮಳವನ್ನು ನಾರಾಯಣ್ ಒಂದೂ ಹೆಚ್ಚಿನ ಮಾತಿಲ್ಲದೆ ಬರೆದಿದ್ದಾರೆ.

ನನ್ನ ತಕರಾರು ಆಮೇಲಿನದರ ಬಗ್ಗೆ. ಹುಡುಗ ಮನೆ ಸೇರುತ್ತಾನೆ, ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಕತೆ ತಪ್ಪಿಹೋದ ಕ್ರಿಕೆಟ್ ಪಂದ್ಯದ ಕಡೆಗೆ, ಗೆಳೆಯ ರಾಜಂನ ಮುನಿಸಿನ ಕಡೆಗೆ ಹೊರಳುತ್ತದೆ. ಮಗುವನ್ನು ಓಡಿಸಿದ ಭಯ ಮಾತಿಲ್ಲದೆ ಉಳಿಯುತ್ತದೆ. ನವಿರು ಹಾಸ್ಯ ಇಲ್ಲಿ ನೋವನ್ನು ಬೇಗನೆ ದಾಟಿಬಿಡುತ್ತದೆ. ನಾವೂ ನಗುತ್ತಾ ಜೊತೆಗೆ ದಾಟುತ್ತೇವೆ.

ಬೆತ್ತದ ಆ ಭಯ ಕಾದಂಬರಿಯಾಚೆಗೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಆದರೂ ‘ಏಟು ತಿಂದೇ ನಾವು ಮನುಷ್ಯರಾದದ್ದು’ ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರನ್ನು ಮನುಷ್ಯರನ್ನಾಗಿಸಿದ್ದು ಏಟಲ್ಲ, ಏಟಿನ ನಂತರ ತಲೆ ಸವರಿದ ಕೈ. ನಾರಾಯಣರ ಬದುಕು ಇದನ್ನು ಅವರ ಕಾದಂಬರಿಗಿಂತ ಸ್ಪಷ್ಟವಾಗಿ ಹೇಳುತ್ತದೆ. ಸ್ವಾಮಿಯನ್ನು ಮಕ್ಕಳಿಗೆ ಓದಿಸುವವರು ಆ ಮಕ್ಕಳ ನಗು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ನಿನಗೆ ಯಾರ ಭಯ?