ಯಥಾರ್ಥಚಿತ್ರಣದ ಮಿತಿ: ಮಂಜರಾಬಾದ್ ಕೋಟೆಯ ನಿದರ್ಶನ

ಯುರೋಪಿನ ಹಳೆಯ ಬೀದಿಯೊಂದನ್ನು ಪೆನ್ಸಿಲಿನಿಂದ ಯಥಾವತ್ತಾಗಿ ಬರೆಯುವುದು ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಪ್ರಿಯವಾದ ಅಭ್ಯಾಸ. ಎರಡು ಬದಿಯ ಮನೆಗಳ ರೇಖೆಗಳು ದೂರದ ಒಂದು ಬಿಂದುವಿನಲ್ಲಿ ಕೂಡುತ್ತವೆ, ಕಣ್ಣು ಒಪ್ಪುತ್ತದೆ, ಚಿತ್ರ ನೈಜವಾಗಿದೆಯೆಂದು ನಾವು ಮೆಚ್ಚುತ್ತೇವೆ. ಆಲ್ಬರ್ಟಿಯು 1435ರಲ್ಲಿ ಶಾಸ್ತ್ರರೂಪದಲ್ಲಿ ನಿರೂಪಿಸಿದ ಈ ಕ್ರಮಕ್ಕೆ ನಿಂತ ನೆಲೆಯಿಂದ ಕಂಡದ್ದೇ ಪ್ರಮಾಣ. ಆ ಪ್ರಮಾಣವು ಎಲ್ಲೆಡೆಯೂ ಸಾಲುವುದೇ?

ಫ್ರಾನ್ಸಿನ ನಫ್‌ಬ್ರಿಸಾಕ್ ಪಟ್ಟಣವನ್ನು ನೋಡೋಣ. ವೊಬಾನನು (1633–1707) ಯೋಜಿಸಿದ, 1698ರಲ್ಲಿ ಕಟ್ಟಲಾರಂಭಿಸಿದ ಈ ಪಟ್ಟಣಕ್ಕೆ ಅಷ್ಟಕೋನದ ಕೋಟೆಯಿದೆ. ಒಳಗೆ ನೇರವಾದ ಬೀದಿಗಳಿವೆ. ಬೀದಿಯ ಚಿತ್ರವೆಷ್ಟೇ ನಿಷ್ಕೃಷ್ಟವಾಗಿದ್ದರೂ ಪಟ್ಟಣದ ಆಕೃತಿಯನ್ನು ಅದು ಹೇಳಲಾರದು.

ಈ ಮಿತಿ ನಮ್ಮ ಸಕಲೇಶಪುರದ ಬೆಟ್ಟದಲ್ಲಿ ಇನ್ನಷ್ಟು ಸ್ಪಷ್ಟ. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ ಪೂರ್ಣಗೊಂಡ ಮಂಜರಾಬಾದ್ ಕೋಟೆಯು ವೊಬಾನನ ಸಂಪ್ರದಾಯದ ಎಂಟು ಮೊನೆಗಳ ನಕ್ಷತ್ರಾಕೃತಿಯದು. ಒಂದು ಮೊನೆಯಿಂದ ಹಾರಿಸಿದ ಗುಂಡು ಪಕ್ಕದ ಗೋಡೆಯ ಬುಡವನ್ನು ಕಾಯಬೇಕೆಂಬುದೇ ಈ ಆಕೃತಿಯ ಹಿಂದಿನ ತರ್ಕ. ಆದರೆ ಗೋಡೆಯೆದುರು ನಿಂತ ಚಿತ್ರಕಾರನಿಗೆ ಕಾಣುವುದು ಪಾಚಿಗಟ್ಟಿದ ಕಲ್ಲು, ಒಂದೆರಡು ಕೋನ, ಆಚೆಗೆ ಮಂಜು. ನಕ್ಷತ್ರವು ಕಾಣುವುದು ನಕ್ಷೆಯಲ್ಲಿ ಅಥವಾ ಆಗಸದಿಂದ ಮಾತ್ರ.

ಆದುದರಿಂದ ಹೋಲಿಕೆಯೊಂದನ್ನೇ ಯಥಾರ್ಥವೆಂದೆಣಿಸಿ ಅಂಕವೀಯುವುದು ಉಚಿತವಲ್ಲ. ಕಲ್ಲಿನ ಮೈಯನ್ನು ಛಾಯೆಯಿಂದ ತೋರಿಸಿದ ವಿದ್ಯಾರ್ಥಿಯು ಅದೇ ಹಾಳೆಯ ಅಂಚಿನಲ್ಲಿ ಕೋಟೆಯ ನಕ್ಷೆಯನ್ನೂ ಬರೆಯಲಿ. ಕಂಡದ್ದೂ ತಿಳಿದದ್ದೂ ಕೂಡಿದಾಗಲೇ ಚಿತ್ರವು ವಸ್ತುವಿಗೆ ನಿಷ್ಠವಾದೀತು.